ರೆಸಾರ್ಟ್ ರಜೆಗೆ ಯಾವ ಸ್ನೋಬೋರ್ಡ್? ಬೋಧಕರಿಗೊಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ಮುಂದಿನ ತಿಂಗಳು ನಾನು, ನನ್ನ ಹೆಂಡತಿ ಆರು ದಿನ ಹಿಮದ ರೆಸಾರ್ಟ್‌ಗೆ ಹೊರಟಿದ್ದೀವಿ. ನನ್ನ ಎತ್ತರ 174 ಸೆಂ.ಮೀ., ತೂಕ 86 ಕೆ.ಜಿ., ಬೂಟ್ ಅಳತೆ 29.5 ಸೆಂ.ಮೀ. ಹಿಂದೊಮ್ಮೆ ಮೂರು ದಿನ ಕಲಿತಿದ್ದೆ. ಹಿಮ್ಮಡಿ ಎಡ್ಜ್ (ಬೋರ್ಡಿನ ಹಿಮ್ಮಡಿ ಕಡೆಯ ಅಂಚು) ಮೇಲೆ ನಿಧಾನಕ್ಕೆ ಇಳಿಯೋದು ಬರುತ್ತೆ, ಅಷ್ಟೇ. ಈಗ ರಿಯಾಯಿತಿಯಲ್ಲಿ ಒಂದು ಫ್ರೀರೈಡ್ ಬೋರ್ಡ್ (ಹದ ಮಾಡದ ಹಿಮದಲ್ಲಿ ವೇಗವಾಗಿ ಇಳಿಯೋಕೆ ಮಾಡಿದ್ದು) ಸಿಗ್ತಿದೆ: ಉದ್ದ 162, ನಡು ಅಗಲ 25.2 ಸೆಂ.ಮೀ., ಫ್ಲೆಕ್ಸ್ (ಗಡಸುತನ) ಹತ್ತಕ್ಕೆ ಎಂಟು. ತಗೊಳ್ಳಲಾ? ಹೆಂಡತಿಗೆ ಇದೇ ಮೊದಲ ಸಲ.

ಬೋಧಕ: ಬೇಡ ಸರ್. ಬೋರ್ಡ್ ಕೆಟ್ಟದ್ದಲ್ಲ, ನಿಮಗೆ ಹೊಂದೋದಲ್ಲ ಅಷ್ಟೇ.

ಮೊದಲು ಅಗಲದ ವಿಷಯ, ಯಾಕಂದ್ರೆ ಇದನ್ನ ಯಾರೂ ಕೇಳೋದೇ ಇಲ್ಲ. 29.5ರ ಬೂಟಿಗೆ 25.2 ಕಿರಿದಾಯ್ತು. ಬೂಟಿನ ಮೂತಿ ಬೋರ್ಡಿನಿಂದ ಆಚೆ ಚಾಚಿಕೊಳ್ಳುತ್ತೆ. ಬೆರಳ ಕಡೆ ವಾಲಿ ತಿರುಗುವಾಗ ಎಡ್ಜ್‌ಗಿಂತ ಮುಂಚೆ ಬೂಟೇ ಹಿಮಕ್ಕೆ ತಾಗುತ್ತೆ, ಎಡ್ಜ್ ಹಿಡಿತ ಬಿಡುತ್ತೆ. ಕಲಿಯೋ ಕಾಲದಲ್ಲಿ ನಾನೂ ಇಂಥದ್ದೇ ಒಂದು ಕಿರಿದಾದ ಬೋರ್ಡ್ ಏರಿದ್ದೆ. ಎರಡು ದಿನ ಅದೇ ತಿರುವಿನಲ್ಲಿ ಅದೇ ಥರ ಎದೆಯೂರಿ ಬಿದ್ದೆ. ತಪ್ಪು ನನ್ನ ಮಂಡಿಯದ್ದು ಅಂದ್ಕೊಂಡಿದ್ದೆ. ಕೊನೆಗೆ ಯಾರೋ ನಾನು ಬಿಟ್ಟು ಬಂದ ಗೆರೆ ತೋರಿಸಿದರು: ಎಡ್ಜ್ ಕೊರೆದ ತೆಳು ಗೀರಿನ ಪಕ್ಕದಲ್ಲೇ ಬೂಟು ಉತ್ತ ಇನ್ನೊಂದು ಸಾಲು! ನಿಮಗೆ ‘ವೈಡ್’ ಬೋರ್ಡೇ ಬೇಕು, ನಡು 26 ಸೆಂ.ಮೀ. ಆಸುಪಾಸು.

ಉದ್ದಕ್ಕೆ, ಬೋರ್ಡ್ ನೆಟ್ಟಗೆ ನಿಲ್ಲಿಸಿದ್ರೆ ತುದಿ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು ಅಂತ ಅಳೆಯೋ ರೂಢಿ ಇದೆ. ಅಂದಾಜಿಗೆ ಸರಿ, ಆದರೆ ಬೋರ್ಡಿಗೆ ಗೊತ್ತಾಗೋದು ನಿಮ್ಮ ತೂಕ, ಎತ್ತರವಲ್ಲ. ತಯಾರಕರ ಪಟ್ಟಿಯಲ್ಲಿ ತೂಕದ ಕಾಲಂ ನೋಡಿ. ಈಗಿನ ಮಟ್ಟಕ್ಕೆ ನಿಮಗೆ 156ರಿಂದ 159 ಸಾಕು.

ಫ್ಲೆಕ್ಸ್ ಎಂಟು ಅಂದ್ರೆ ಬಲು ಗಡುಸು. ವೇಗದಲ್ಲಿ ಅಲುಗಾಡದೆ ಹೋಗುತ್ತೆ ನಿಜ. ನಿಧಾನಕ್ಕೆ ಹೋಗುವವನ ಕೈಗೆ ಮಾತ್ರ ಬಗ್ಗಲ್ಲ. ಮೂರರಿಂದ ಐದರೊಳಗಿನ ಆಲ್-ಮೌಂಟನ್ ಬೋರ್ಡ್ ಬಾಡಿಗೆಗೆ ತಗೊಳ್ಳಿ. ರೆಸಾರ್ಟಿನಲ್ಲಿ ಯಂತ್ರ ಓಡಿಸಿ ಹದ ಮಾಡಿದ ಇಳಿಜಾರಿಗೂ, ಸಂಜೆ ಹೊತ್ತಿಗೆ ಉಬ್ಬುತಗ್ಗಾದ ಹಿಮಕ್ಕೂ ಅದೊಂದೇ ಆಗುತ್ತೆ.

ನಿಮ್ಮ ಮನೆಯವರಿಗೆ ಇನ್ನೂ ಮೃದು ಇರಲಿ, ಎರಡು-ಮೂರು. ಬೋರ್ಡನ್ನ ನೆಲಕ್ಕಿಟ್ಟು ಪಕ್ಕದಿಂದ ಬಗ್ಗಿ ನೋಡಿ. ನಡು ಮೇಲೆದ್ದು ತುದಿಗಳ ಹತ್ತಿರ ನೆಲಕ್ಕೆ ತಾಗಿದ್ರೆ ಕ್ಯಾಂಬರ್. ನಡು ಕೂತು ತುದಿಗಳು ದೋಣಿ ಥರ ಎದ್ದಿದ್ರೆ ರಾಕರ್. ಹೊಸಬರು ಬೀಳೋದು ಹೆಚ್ಚಾಗಿ ಬೋರ್ಡ್ ಮಟ್ಟಸವಾಗಿ ಜಾರುವಾಗ ಕೆಳಗಿನ ಎಡ್ಜ್ ಹಿಮಕ್ಕೆ ಕಚ್ಚಿಕೊಂಡು. ಯಾವ ಸೂಚನೆಯೂ ಇಲ್ಲದೆ ಧಡ್ ಅಂತ ಕೆಡವುತ್ತೆ. ರಾಕರ್, ಇಲ್ಲಾಂದ್ರೆ ಸಪಾಟು ನಡುವಿನ ಬೋರ್ಡ್‌ನಲ್ಲಿ ಈ ಕಾಟ ಕಡಿಮೆ. ಗಟ್ಟಿ ಹಿಮದಲ್ಲಿ ಹಿಡಿತವೂ ಒಂಚೂರು ಕಡಿಮೆ, ಆದರೆ ಮೊದಲ ವಾರದಲ್ಲಿ ಅದು ಲೆಕ್ಕಕ್ಕಿಲ್ಲ. ಇಬ್ಬರೂ ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ಮರೀಬೇಡಿ. ಬೀಳುವಾಗ ಕೈ ಊರೋದು ಎಲ್ಲರ ಅಭ್ಯಾಸ.

ಇನ್ನೊಬ್ಬ ಸದಸ್ಯೆ: ಸರ್, ಏಳು ವರ್ಷದ ಮಗಳಿಗೆ ಒಂದು ಸೈಜ್ ದೊಡ್ಡದು ತಗೊಂಡ್ರೆ ಮುಂದಿನ ವರ್ಷಕ್ಕೂ ಆಗುತ್ತಲ್ಲ?

ಬೋಧಕ: ಲಂಗ ಹೊಲಿಸೋವಾಗ ಆ ಲೆಕ್ಕ ಸರಿ ಮೇಡಂ. ಬೋರ್ಡ್ ದೊಡ್ಡದಾದ್ರೆ ಮಗು ಅದನ್ನ ತಿರುಗಿಸೋಕಾಗದೆ ಅಳುತ್ತೆ. ಬೂಟ್ ದೊಡ್ಡದಾದ್ರೆ ಇನ್ನೂ ಕಷ್ಟ.

ಮತ್ತೊಬ್ಬರು: ಹೊಸ ಹಿಮ ಬಿದ್ದ ದಿನಕ್ಕೆ ಪೌಡರ್ ಬೋರ್ಡ್ ಬೇಕಲ್ವಾ?

ಬೋಧಕ: ನಿಮಗೆ ಆಗಲೇ ಚೆನ್ನಾಗಿ ಬರುತ್ತೆ ಅಂದ್ರೆ, ಆ ಒಂದು ದಿನಕ್ಕೆ ಬದಲಾಯಿಸಿಕೊಳ್ಳಿ. ಅಗಲ ಮೂತಿ, ಹಿಂದಕ್ಕೆ ಸರಿಸಿದ ಬೈಂಡಿಂಗ್ (ಬೂಟನ್ನ ಬೋರ್ಡಿಗೆ ಬಿಗಿಯೋ ಪಟ್ಟಿ) ಇರೋದ್ರಿಂದ ಮುಂಭಾಗ ಹೂತುಹೋಗದೆ ತೇಲುತ್ತೆ. ಬಾಡಿಗೆ ಕೊಡುವವರಲ್ಲಿ ಮಧ್ಯೆ ಬದಲಾಯಿಸಿಕೊಡ್ತೀರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್, ಬೋರ್ಡ್ ಆಸೆ ಬಿಟ್ಟೆ. ಏನೂ ಕೊಳ್ಳೋದೇ ಬೇಡ್ವಾ?

ಬೋಧಕ: ಕೈ ತುರಿಸ್ತಿದ್ರೆ ಬೂಟ್ ಕೊಳ್ಳಿ. ಬೋರ್ಡ್ ಯಾರದ್ದಾದರೂ ನಡೆಯುತ್ತೆ. ಹತ್ತಾರು ಜನರ ಪಾದಕ್ಕೆ ಸಡಿಲವಾದ ಬಾಡಿಗೆ ಬೂಟಿನೊಳಗೆ ನಿಮ್ಮ ಹಿಮ್ಮಡಿ ಎದ್ದರೆ, ನೀವು ಹೇಳಿದ್ದು ಬೋರ್ಡಿಗೆ ತಲುಪೋದೇ ಇಲ್ಲ.

ಪ್ರಶ್ನೆ ಕೇಳಿದವರು: ಈಗ ಅಂಗಡಿಯಲ್ಲೇ ಇದ್ದೀನಿ ಸರ್. ಒಂದು ಬೂಟ್ ಹಾಕಿ ನಿಂತೆ, ಹೆಬ್ಬೆರಳು ತುದಿಗೆ ತಾಗ್ತಿದೆ. ಚಿಕ್ಕದಾಯ್ತಾ?

ಬೋಧಕ: ದಾರ ಪೂರ್ತಿ ಬಿಗಿದು ಮಂಡಿ ಬಗ್ಗಿಸಿ. ಬೆರಳು ಚೂರು ಹಿಂದೆ ಸರೀತಾ? ಹಿಮ್ಮಡಿ ಕೂತಲ್ಲೇ ಕೂತಿದ್ಯಾ? ಹಾಗಿದ್ರೆ ಅದೇ ಸರಿ ಅಳತೆ. ಹಾಗೇ ಹಾಕ್ಕೊಂಡು ಅಂಗಡಿಯಲ್ಲೇ ಹದಿನೈದು ನಿಮಿಷ ಓಡಾಡಿ. ಅಂದಹಾಗೆ, ಕಾಲ್ಚೀಲ ಎಷ್ಟು ಜೊತೆ ಹಾಕಿದ್ದೀರಿ?

ಪ್ರಶ್ನೆ ಕೇಳಿದವರು: ಎರಡು ಸರ್, ಚಳಿ ಅಲ್ವಾ ಅಂತ.

ಬೋಧಕ: ಒಂದು ತೆಗೆದು ಮತ್ತೆ ಹಾಕಿ ನೋಡಿ.