ರಾತ್ರಿ ಕೆಲಸ ಇರುವವರಿಗೆ ಲೈಲತುಲ್ ಖದ್ರ್ ಕೈತಪ್ಪುತ್ತದಾ?

ದಕ್ಕೆ ಲೆಕ್ಕದವ

ಎಲ್ಲರಿಗೂ ಸಲಾಂ. ನಾನು ಮಂಗಳೂರು ದಕ್ಕೆಯಲ್ಲಿ ಮೀನಿನ ಲೆಕ್ಕ ಬರೆಯುವವನು. ಹನ್ನೊಂದು ವರ್ಷ ಆಯಿತು. ರಾತ್ರಿ ಎರಡೂವರೆಗೆ ಮನೆ ಬಿಡಬೇಕು. ಬೋಟ್ ಬಂದ ಹಾಗೆ ಬುಟ್ಟಿ ಎಣಿಸಬೇಕು. ಬಂಗುಡೆ ಎಷ್ಟು, ಬೂತಾಯಿ ಎಷ್ಟು, ಯಾರಿಗೆ ಹೋಯಿತು, ಎಲ್ಲ ಬರೆಯಬೇಕು. ಐಸ್ ನೀರು ಬಿದ್ದು ಪುಸ್ತಕದ ಅಂಚು ಯಾವಾಗಲೂ ಒದ್ದೆ. ಬೆಳಕು ಹರಿಯುವವರೆಗೆ ತಲೆ ಎತ್ತಲು ಆಗುವುದಿಲ್ಲ.

ರಂಜಾನಿನ ಕೊನೆಯ ಹತ್ತು ದಿನ ಬಂತೆಂದರೆ ನನಗೆ ಎದೆಯೊಳಗೆ ಒಂಥರಾ ಆಗುತ್ತದೆ. ನಮ್ಮ ಪಳ್ಳಿಯಲ್ಲಿ (ಮಸೀದಿಯಲ್ಲಿ) ಜನ ಇಅ್ತಿಕಾಫ್, ಅಂದರೆ ಅಲ್ಲೇ ಉಳಿದು ಆರಾಧನೆಗೆ, ಕೂತಿರುತ್ತಾರೆ. ನಾನು ಸ್ಕೂಟರಿನಲ್ಲಿ ಅದರ ಎದುರಿನಿಂದಲೇ ಹೋಗುತ್ತೇನೆ. ಒಳಗಿನಿಂದ ಕುರ್‌ಆನ್ ಓದುವ ಸ್ವರ ಕೇಳುತ್ತದೆ. ರಾತ್ರಿಯ ಕೊನೆಯ ಪಾಲೇ ದುಆಕ್ಕೆ (ಪ್ರಾರ್ಥನೆಗೆ) ಒಳ್ಳೆಯ ಹೊತ್ತು ಅಂತ ಮದ್ರಸದಲ್ಲಿ ಉಸ್ತಾದರು ಹೇಳಿಕೊಟ್ಟದ್ದು ಆಗ ನೆನಪಾಗುತ್ತದೆ. ಆ ಹೊತ್ತೇ ನನ್ನ ಡ್ಯೂಟಿ.

ಈ ದಿನಗಳಲ್ಲೇ ಹುಡುಕುವ ಲೈಲತುಲ್ ಖದ್ರ್ ಸಾವಿರ ತಿಂಗಳಿಗಿಂತ ಮೇಲಾದ ರಾತ್ರಿ ಅಂತ ಕುರ್‌ಆನಿನಲ್ಲೇ ಇದೆ. ಲೆಕ್ಕ ಬರೆಯುವವನಲ್ವಾ, ಭಾಗಿಸಿ ನೋಡಿದ್ದೇನೆ. 83 ವರ್ಷ 4 ತಿಂಗಳು. ನಮ್ಮ ಬಾಪ ಬದುಕಿದ್ದೇ 61 ವರ್ಷ. ಅಷ್ಟು ದೊಡ್ಡ ರಾತ್ರಿ ಬಂದು ಹೋಗುವಾಗ ನಾನು ಬಂಗುಡೆ ಎಣಿಸುತ್ತಾ ನಿಂತಿದ್ದರೆ ಅದರಲ್ಲಿ ನನಗೆ ಪಾಲಿದೆಯಾ?

ಕಳೆದ ವರ್ಷ 27ನೇ ರಾತ್ರಿಗೆ ರಜೆ ಕೇಳಿದೆ. ಸಿಗಲಿಲ್ಲ. ಆ ಸಿಟ್ಟನ್ನು ಜೊತೆಗೆ ಕೆಲಸ ಮಾಡುವವನ ಮೇಲೆ ತೀರಿಸಿದೆ. ಅವನು ರಜೆ ತಗೊಂಡಿದ್ದ, ಅಷ್ಟೇ ಅವನ ತಪ್ಪು. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ತಿಳಿದವರು ಹೇಳಿ.

ಹೂಡೆಯ ಉಮ್ಮ

ಮಗಾ, ರಾತ್ರಿ ಎರಡೂವರೆಗೆ ಶುರುವಾಗುವುದಲ್ಲ. ನಮಗೆ ದಿನ ಬದಲಾಗುವುದೇ ಸೂರ್ಯ ಮುಳುಗಿ ಮಗ್ರಿಬ್ ಆದಾಗ. ಕುರ್‌ಆನಿನ ಖದ್ರ್ ಸೂರದಲ್ಲಿ (ಅಧ್ಯಾಯದಲ್ಲಿ) ಇರುವುದು ಐದೇ ಆಯತ್ (ವಾಕ್ಯ). ಕೊನೆಯದು ನೋಡು, ಬೆಳಗಿನ ಫಜ್ರ್ ಮೂಡುವವರೆಗೆ ಅದು ಶಾಂತಿ ಅಂತ ಇದೆ. ಮಗ್ರಿಬ್‌ನಿಂದ ಫಜ್ರ್ ತನಕ ಹತ್ತು ಗಂಟೆಗೂ ಜಾಸ್ತಿ ಆಯಿತು. ಮನೆ ಬಿಡುವ ಮೊದಲೇ ಅರ್ಧಕ್ಕಿಂತ ಹೆಚ್ಚು ನಿನ್ನ ಕೈಯಲ್ಲಿದೆ.

ರಾತ್ರಿಯ ಇಶಾ ನಮಾಜನ್ನು ಎಲ್ಲರ ಜೊತೆ ಜಮಾಅತ್‌ನಲ್ಲಿ ಮಾಡಿದವನು ಅರ್ಧ ರಾತ್ರಿ ನಿಂತು ನಮಾಜ್ ಮಾಡಿದ ಹಾಗೆ, ಫಜ್ರ್ ಕೂಡ ಜಮಾಅತ್‌ನಲ್ಲಿ ಮಾಡಿದವನು ಇಡೀ ರಾತ್ರಿ ಮಾಡಿದ ಹಾಗೆ ಅಂತ ಸಹೀಹ್ ಮುಸ್ಲಿಮ್‌ನಲ್ಲಿ ಹದೀಸ್ (ಪ್ರವಾದಿಯವರ ಮಾತು) ಇದೆ. ಇಶಾ, ಅದರ ನಂತರದ ರಂಜಾನಿನ ತರಾವೀಹ್ ನಮಾಜ್ ಮುಗಿಸಿಯೇ ಮಲಗು. ಫಜ್ರ್ ಬಾಂಗ್ (ನಮಾಜಿನ ಕರೆ) ಆದಾಗ ಹತ್ತು ನಿಮಿಷ ಬಿಡುವು ಕೇಳಿಕೋ.

ನಮಗೆ ಹೆಂಗಸರಿಗೂ ಈ ನೋವು ಗೊತ್ತು. ಆ ಹತ್ತು ದಿನಗಳಲ್ಲೇ ನಮಾಜ್ ಮಾಡಲಾಗದ ದಿನಗಳು ಬಂದುಬಿಡುತ್ತವೆ. ಒಮ್ಮೆ ಅಡುಗೆಮನೆಯಲ್ಲಿ ಕೂತು ಅತ್ತಿದ್ದೇನೆ. ಆಮೇಲೆ ಅತ್ತಾಳಕ್ಕೆ (ಉಪವಾಸಕ್ಕೆ ಮೊದಲಿನ ಊಟಕ್ಕೆ) ರೊಟ್ಟಿ ತಟ್ಟುತ್ತಲೇ ದುಆ ಹೇಳುವುದು ಅಭ್ಯಾಸ ಆಯಿತು. ಆ ರಾತ್ರಿ ಸಿಕ್ಕಿದರೆ ಏನು ಹೇಳಲಿ ಅಂತ ಪತ್ನಿ ಆಯಿಶಾ ಬೀವಿ ಕೇಳಿದಾಗ ಪ್ರವಾದಿಯವರು ಕಲಿಸಿದ್ದು ಒಂದೇ ಸಾಲು: ಅಲ್ಲಾಹುಮ್ಮ ಇನ್ನಕ ಅಫುವ್ವುನ್ ತುಹಿಬ್ಬುಲ್ ಅಫ್ವ ಫಅ್ಫು ಅನ್ನೀ. ನೀನು ಮನ್ನಿಸುವವನು, ಮನ್ನಿಸುವುದು ನಿನಗೆ ಇಷ್ಟ, ನನ್ನನ್ನು ಮನ್ನಿಸು. ಮರಳಿನ ಮೇಲಿನ ಹೆಜ್ಜೆಯನ್ನು ಗಾಳಿ ಅಳಿಸುವುದಕ್ಕೂ ಅರಬಿಯಲ್ಲಿ ಈ ಅಫ್ವ್‌ನ ಮೂಲದ ಮಾತೇ ಇದೆ. ಕಡಲ ಬದಿಯವರಿಗೆ ಬೇರೆ ವಿವರಣೆ ಬೇಕಾ? ಬುಟ್ಟಿ ಎಣಿಸುವ ನಡುವೆಯೂ ಇದು ಬಾಯಿಗೆ ಬರುತ್ತದೆ.

ಮಲ್ಪೆ ಗಾಳಿ

ನಾನು ಮೊಗವೀರ, ಮಲ್ಪೆ ಬಂದರಿನಲ್ಲಿ ಇದೇ ಲೆಕ್ಕದ ಕೆಲಸ. ಧರ್ಮದ ವಿಷಯ ನನಗೆ ಗೊತ್ತಿಲ್ಲ, ಕೆಲಸದ ವಿಷಯ ಹೇಳುತ್ತೇನೆ. ನಮ್ಮಲ್ಲೊಬ್ಬರು ಬ್ಯಾರಿ ಇದ್ದಾರೆ. ಆ ಹತ್ತು ದಿನ ಮೂರೂವರೆಯಿಂದ ನಾಲ್ಕರವರೆಗೆ ಅವರ ಪುಸ್ತಕವನ್ನೂ ನಾನೇ ಬರೆಯುತ್ತೇನೆ. ಬಲೆ ರಾಶಿಯ ಹಿಂದೆ ಚಾಪೆ ಹಾಕಿ ನಮಾಜ್ ಮಾಡಿ ಬರುತ್ತಾರೆ. ಶಿವರಾತ್ರಿ ಜಾಗರಣೆಗೆ ನನ್ನ ಪುಸ್ತಕ ಅವರ ಕೈಗೆ. ಇಡೀ ರಾತ್ರಿ ರಜೆ ಕೇಳಬೇಡಿ, ಅರ್ಧ ಗಂಟೆ ಕೇಳಿ. ಪಕ್ಕದವನ ಹತ್ತಿರ ಕೇಳಿ.

ಕುದ್ರೋಳಿ ಓದುಗ

27ನ್ನೇ ಹಿಡಿದು ಕೂರಬೇಡಿ. ನಮ್ಮ ಊರಲ್ಲಿ ಅದಕ್ಕೇ ಜಾಸ್ತಿ ಜನ ಸೇರುತ್ತಾರೆ, ನಿಜ. ಆದರೆ ಹುಡುಕಲು ಹೇಳಿದ್ದು ಕೊನೆಯ ಹತ್ತರ ಬೆಸ ರಾತ್ರಿಗಳಲ್ಲಿ: 21, 23, 25, 27, 29. 27ನೇ ರಾತ್ರಿ ಅಂದರೆ 26ನೇ ಉಪವಾಸ ಬಿಟ್ಟ ಸಂಜೆ. ಇದು ಗೊತ್ತಿಲ್ಲದೆ ಮರುದಿನ ರಜೆ ಹಾಕಿದವರನ್ನು ಕಂಡಿದ್ದೇನೆ.

ಇನ್ನೊಂದು ಮಾತು, ಬೇಸರ ಮಾಡಬೇಡಿ. ಪ್ರವಾದಿಯವರು ಆ ರಾತ್ರಿ ಯಾವುದು ಅಂತ ತಿಳಿಸಲೆಂದೇ ಹೊರಗೆ ಬಂದಿದ್ದರು. ಅಲ್ಲಿ ಇಬ್ಬರು ಜಗಳ ಆಡುತ್ತಿದ್ದರು. ಆ ಅರಿವು ಅಲ್ಲಿಗೇ ಎತ್ತಿಹೋಯಿತು. ಇದು ಬುಖಾರಿ ಹದೀಸ್ ಗ್ರಂಥದಲ್ಲಿದೆ. ನಿಮ್ಮ ಪ್ರಶ್ನೆಯ ಕೊನೆಯ ನಾಲ್ಕು ಸಾಲು ಓದಿದಾಗ ನನಗೆ ನೆನಪಾದದ್ದು ಇದೇ. ಡ್ಯೂಟಿಗಿಂತ ಆ ಮಾತಿಲ್ಲದ ಒಂದು ವರ್ಷ ನಿಮಗೆ ದೊಡ್ಡ ಅಡ್ಡಿ.

ದಕ್ಕೆ ಲೆಕ್ಕದವ

ಹೂಡೆಯ ಉಮ್ಮ, ನಿಮ್ಮ ಸಾಲನ್ನು ಲೆಕ್ಕದ ಪುಸ್ತಕದ ರಟ್ಟಿನ ಒಳಗೆ ಬರೆದುಕೊಂಡೆ. ಪೆನ್ಸಿಲಿನಲ್ಲಿ, ಪೆನ್ನಿನದು ನೀರಿಗೆ ಹರಡುತ್ತದೆ.

ಕುದ್ರೋಳಿಯವರೇ, ನಿಮ್ಮ ಮಾತು ಚುಚ್ಚಿತು. ಚುಚ್ಚಬೇಕಾದದ್ದೇ. ಮಧ್ಯಾಹ್ನ ಅವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇವತ್ತು 24ನೇ ಉಪವಾಸ, ಮಗ್ರಿಬ್ ಆದರೆ 25ನೇ ರಾತ್ರಿ. ಎರಡೂವರೆಗೆ ಐಸ್ ಪುಡಿ ಮಾಡುವ ಜಾಗದಲ್ಲಿ ಅವನು ಇದ್ದೇ ಇರುತ್ತಾನೆ. ಮೊದಲು ಸಲಾಂ ಹೇಳುತ್ತೇನೆ. ಅರ್ಧ ಗಂಟೆಯ ಮಾತು ಆಮೇಲೆ. ಅದೂ ಮೊದಲು ಅವನು ಹೋಗಿ ಬರಲಿ, ಅವನ ಬುಟ್ಟಿ ನಾನು ಎಣಿಸುತ್ತೇನೆ.