ಸಹಾಯ ಬೇಕು: ಶಿರಸಿ ಕಡೆ ಎನ್‌ಟಿ-ಪ್ರೊಬಿಎನ್‌ಪಿ ಟೆಸ್ಟ್ ಎಲ್ಲಿ ಮಾಡುತ್ತಾರೆ?

ಎಲ್ಲರಿಗೂ ನಮಸ್ಕಾರ. ಅಪ್ಪಯ್ಯನಿಗೆ ಹಾರ್ಟ್ ಫೇಲ್ಯೂರ್ ಇದೆ. ಹುಬ್ಬಳ್ಳಿಯ ಡಾಕ್ಟರು ಎನ್‌ಟಿ-ಪ್ರೊಬಿಎನ್‌ಪಿ ರಿಪೋರ್ಟ್ ತರಲು ಹೇಳಿದ್ದಾರೆ. ಎನ್‌ಟಿ-ಪ್ರೊಬಿಎನ್‌ಪಿ ಅಂದರೆ ಹೃದಯ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್ ತುಣುಕು; ಹೃದಯದ ಗೋಡೆ ಹಿಗ್ಗಿದಷ್ಟೂ ಇದು ರಕ್ತದಲ್ಲಿ ಏರುತ್ತದೆ. ಚಿಕಿತ್ಸೆ ಕೊಟ್ಟರೂ ಇಳಿಯದಿದ್ದರೆ ಮತ್ತೆ ಆಸ್ಪತ್ರೆ ಸೇರುವ ಅಪಾಯ ಜಾಸ್ತಿ.

ಇಲ್ಲಿನ ಒಂದು ಲ್ಯಾಬಿನವರು ‘ಬಿಎನ್‌ಪಿ ಮಾಡಿಸಿ, ಎರಡೂ ಒಂದೇ’ ಅಂದರು. ಒಂದೇ ಅಲ್ವಲ್ಲ! ಬಿಎನ್‌ಪಿ ಅನ್ನೋದು ಇದರ ಜೊತೆಗೇ ಹೃದಯ ಬಿಡುವ ಹಾರ್ಮೋನ್. ಅಪ್ಪಯ್ಯ ಸಕುಬಿಟ್ರಿಲ್-ವಾಲ್ಸಾರ್ಟನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಬಿಎನ್‌ಪಿಯನ್ನು ಒಡೆಯುವ ಕಿಣ್ವವನ್ನೇ ಅದು ತಡೆಯುತ್ತದೆ. ಹಾಗಾಗಿ ಬಿಎನ್‌ಪಿ ಸುಮ್ನೆ ಏರಿದಂತೆ ಕಾಣಬಹುದು. ಎನ್‌ಟಿ-ಪ್ರೊಬಿಎನ್‌ಪಿಗೆ ಆ ತಾಪತ್ರಯ ಇಲ್ಲ.

ಶಿರಸಿ, ಕುಮಟಾ, ಕಾರವಾರದಲ್ಲಿ ಯಾರಾದರೂ ಮಾಡಿಸಿದ್ದೀರಾ? ಸ್ಯಾಂಪಲ್ ಹೊರಗೆ ಕಳಿಸಿದರೂ ಅಡ್ಡಿಯಿಲ್ಲ. ಕಿಡ್ನಿ ವೀಕ್ ಇದ್ದರೂ ಈ ಅಂಕಿ ಏರುವುದರಿಂದ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ಕೂಡ ಅದೇ ದಿನ ಆಗಬೇಕು. ಮನೆಗೇ ಬಂದು ರಕ್ತ ತೆಗೆಯುವವರಿದ್ದರೆ ಇನ್ನೂ ಒಳ್ಳೆಯದು. ಖರ್ಚೆಷ್ಟು, ರಿಪೋರ್ಟಿಗೆ ಎಷ್ಟು ದಿನ, ದಯವಿಟ್ಟು ತಿಳಿಸಿ.