ಫೆಬ್ರವರಿ ಕೊನೆಗೆ ಯಾವ ಕಾಡು? ಅಮ್ಮನಿಗೆ ಮಂಡಿನೋವು, ಹುಲಿಯೇ ಬೇಕೆಂದಿಲ್ಲ

ಮಳೆಹುಳು (ಪ್ರಶ್ನೆ)
ನಾಗರಹೊಳೆ, ಬಂಡೀಪುರ ನೋಡಿಯಾಗಿದೆ. ಈ ಸಲ ಫೆಬ್ರವರಿ ಕೊನೆಯ ವಾರ ಬೇರೆ ಥರದ ರಾಷ್ಟ್ರೀಯ ಉದ್ಯಾನ ಒಂದೆರಡು ನೋಡೋಣ ಅಂತ. ಅಮ್ಮನಿಗೆ ಮಂಡಿನೋವು. ಹೋಗಿ ಬಂದವರು ಹೇಳಿ.

ಸಾಲವನ
ಮಧ್ಯಪ್ರದೇಶದ ಕಾನ್ಹಾ. ಎರಡು ಕಾಡು ಬೇಡ, ಅಲ್ಲೇ ನಾಲ್ಕು ಸಫಾರಿ ಹಾಕಿ. ಆನ್‌ಲೈನಲ್ಲಿ ಕಟ್ಟೋದು ಪರ್ಮಿಟ್ ದುಡ್ಡು ಮಾತ್ರ. ಜಿಪ್ಸಿ (ಸಫಾರಿಯ ತೆರೆದ ಜೀಪು) ಬಾಡಿಗೆ, ಗೈಡ್ ದುಡ್ಡು ಬೇರೆ. ಪೂರ್ತಿ ಗಾಡಿ ತಗೊಂಡರೆ ಇಬ್ಬರೇ ಕೂತರೂ ಆರು ಜನದ್ದು ಕಟ್ಟಬೇಕು. ಇದನ್ನ ಓದದೆ ಬಂದು ಗೇಟಲ್ಲಿ ಕೂಗಾಡೋರು ದಿನಾ ಇರ್ತಾರೆ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯ ಮೂಲಪ್ರತಿಯೇ ಕೈಲಿರಲಿ. ಬುಧವಾರ ಮಧ್ಯಾಹ್ನ ಸಫಾರಿ ಇಲ್ಲ. ಮುಕ್ಕಿ ಗೇಟಿನ ಪರ್ಮಿಟ್ ಮಾಡಿ ಇನ್ನೊಂದು ಗೇಟಾದ ಖಟಿಯಾದಲ್ಲಿ ರೂಮ್ ಹಿಡಿದರೆ ಬೆಳಗಿನ ಸಫಾರಿ ಹೋದ ಹಾಗೇ, ಕಾಡಿನ ಹೊರಗಿಂದ ಸುತ್ತಿ ಬರಬೇಕು. ಸಾಲ ಮರದ ಕಾಡು ಮುಗಿದ ಕೂಡಲೇ ತೆರೆಯೋ ಹುಲ್ಲುಗಾವಲು, ಅದರಲ್ಲಿ ಬಾರಸಿಂಗ. 1970ರಲ್ಲಿ ಅಲ್ಲಿ 66ಕ್ಕೆ ಇಳಿದಿದ್ದ ಜಿಂಕೆ ಅದು. ಬೇರೆಲ್ಲಿ ನೋಡ್ತೀರಿ?

ಬಾಗೋರಿ ಹುಲ್ಲು
ನಾಲ್ಕು ಸಫಾರಿ ಯಾಕೆ ಅಂದ್ರೆ ಮೂರರಲ್ಲಿ ಹುಲಿ ಕಾಣಲ್ಲ ಅಂತ, ಅಲ್ವಾ ಸಾಲವನ ಅವರೇ? ಅಸ್ಸಾಮಿನ ಕಾಜಿರಂಗಾದಲ್ಲಿ ಆ ಜೂಜು ಇಲ್ಲ. 2022ರ ಗಣತಿಯಲ್ಲಿ ಘೇಂಡಾಮೃಗ 2,613. ತಿಂಗಳು ಮುಖ್ಯ: ನವೆಂಬರಿನಲ್ಲಿ ಆನೆಹುಲ್ಲು ಜೀಪಿಗಿಂತ ಎತ್ತರ, ಹತ್ತು ಹೆಜ್ಜೆ ಆಚೆ ಇರೋದೂ ಕಾಣಲ್ಲ. ಹುಲ್ಲು ಸುಟ್ಟ ಮೇಲೆ, ಫೆಬ್ರವರಿ ಮಾರ್ಚಲ್ಲಿ, ಚಿಗುರು ಮೇಯೋಕೆ ಎಲ್ಲಾ ಬಯಲಿಗೆ ಬರ್ತವೆ. ಘೇಂಡಾಮೃಗಕ್ಕೆ ಬಾಗೋರಿ, ಹಕ್ಕಿಗೆ ಅಗರಾತೋಲಿ. ಒಂದೇ ವಲಯದಲ್ಲಿ ಎರಡೆರಡು ಸಲ ಸುತ್ತಬೇಡಿ. ಸಂಜೆ ಐದೂವರೆಗೆಲ್ಲ ಕತ್ತಲು, ಮಧ್ಯಾಹ್ನದ ಊಟಕ್ಕೆ ತಡ ಮಾಡಿದರೆ ಸಫಾರಿಯ ಅರ್ಧ ಬೆಳಕು ಹೋಯ್ತು.

ಸಾಲವನ
ಜೂಜು ಅನ್ನೋರಿಗೆ ಮೃಗಾಲಯ ಇದೆ. ಹುಲಿ ಸುಳಿವಿಗೆ ಕಡವೆ ಕೂಗಿದ ಕಡೆ ಕಾದು ಕೂರೋದೇ ಸಫಾರಿ. ಹೆದ್ದಾರಿಯಿಂದಲೇ ಕಾಣೋ ಘೇಂಡಾಮೃಗಕ್ಕೆ ಪರ್ಮಿಟ್ ಯಾಕೆ?

ಬಾಗೋರಿ ಹುಲ್ಲು
ಒಂದು ಹುಲಿಗೆ ಇಪ್ಪತ್ತು ಜಿಪ್ಸಿ ಅಡ್ಡ ನಿಲ್ಲಿಸೋದಕ್ಕೆ "ಕಾದು ಕೂರೋದು" ಅಂತೀರಾ!

ಖಾರಿ ದೋಣಿ
ಇಬ್ಬರೂ ಜೀಪಿನಿಂದ ಇಳೀರಿ. ಸುಂದರಬನದಲ್ಲಿ ಜೀಪೇ ಇಲ್ಲ, ಎಲ್ಲ ಲಾಂಚ್ (ಮೋಟಾರು ದೋಣಿ). ಕೋಲ್ಕತ್ತಾದಿಂದ ಗೋದಖಾಲಿ ತನಕ ರಸ್ತೆ, ಆಮೇಲೆ ನೀರು. ಗೈಡ್ ಕಡ್ಡಾಯ. ದಿನ ಗೊತ್ತುಮಾಡುವ ಮೊದಲು ಉಬ್ಬರ ಇಳಿತದ ವೇಳೆ ನೋಡಿ: ಇಳಿತದಲ್ಲಿ ಕೆಸರು ದಂಡೆ ತೆರೆದು ಮೊಸಳೆ ಬಿಸಿಲಿಗೆ ಮಲಗ್ತವೆ, ಉಬ್ಬರದಲ್ಲಿ ನೀರು ಮರದ ಬುಡಕ್ಕೇ ಬಂದು ಏನೂ ಕಾಣಲ್ಲ. ಹುಲಿ ಅಪರೂಪ, ಅದನ್ನ ಮರೆತು ಹೋಗಿ. ತೊಂದರೆ ಇರೋದು ಜೆಟ್ಟಿಯಲ್ಲಿ. ಇಳಿತದ ಹೊತ್ತಿಗೆ ಲಾಂಚ್ ಕೆಳಗಿಳಿದಿರುತ್ತೆ, ಮೆಟ್ಟಿಲ ಕೆಳಭಾಗ ಪೂರ್ತಿ ಕೆಸರು, ಅದರ ಮೇಲೆ ಒಂದು ಹಲಗೆ.

ಗುಬ್ಬಿಗೂಡು
ಪಾಪ, ಮಂಡಿನೋವಿಗೆ ತಾಗೋ ಮಾತು ಆಡಿದ್ದು ಜೆಟ್ಟಿ ಮೆಟ್ಟಿಲು ಹೇಳಿದ ಖಾರಿ ದೋಣಿ ಒಬ್ಬರೇ, ಅದೂ ಗೊತ್ತಿಲ್ಲದೆ. ಮಳೆಹುಳು ಅವರೇ, ಮಡಚೋ ಸ್ಟೂಲ್ ಒಂದು ಒಯ್ಯಿರಿ, ಜಿಪ್ಸಿಯ ಮೊದಲ ಹೆಜ್ಜೆಯೇ ಎತ್ತರ. ಕೊನೆಯ ಸಾಲು ಹಿಂದಿನ ಗಾಲಿಯ ಮೇಲೇ ಬರುತ್ತೆ, ಹಳ್ಳ ಸಿಕ್ಕಾಗಲೆಲ್ಲ ಎತ್ತಿ ಹಾಕುತ್ತೆ. ಅಮ್ಮನನ್ನ ಡ್ರೈವರ್ ಹಿಂದಿನ ಸಾಲಲ್ಲೇ ಕೂರಿಸಿ. ಸಫಾರಿ ಗಂಟೆಗಟ್ಟಲೆ ನಡೆಯುತ್ತೆ, ಬೇಕಾದ ಕಡೆ ಇಳಿಯೋ ಹಾಗಿಲ್ಲ. ಶೌಚಾಲಯ ಎಲ್ಲಿದೆ ಅಂತ ಹೊರಡೋ ಮೊದಲೇ ಗೈಡ್ ಹತ್ರ ಕೇಳಿ. ಕಾಜಿರಂಗಾದ ಆನೆ ಸವಾರಿ ಬೇಡ, ಕಾಲು ಅಗಲಿಸಿ ಕೂರಬೇಕು.

ನೆಲಮಟ್ಟ
ಕ್ಯಾಮೆರಾಗೆ 600 ಎಂಎಂ ಲೆನ್ಸ್ ಒಯ್ಯಲಾ ಅಂತ ಯಾರಾದರೂ ಕೇಳೋ ಮೊದಲೇ ಹೇಳ್ತೀನಿ: ಕಾಜಿರಂಗಾದಲ್ಲಿ ಘೇಂಡಾಮೃಗ ರಸ್ತೆ ಪಕ್ಕ ನಿಂತರೆ ಅದರಲ್ಲಿ ಕಿವಿ ಮಾತ್ರ ಬರುತ್ತೆ. 100-400 ಎಂಎಂ ಲೆನ್ಸ್ ಸಾಕು. ಒಣ ಕಾಡಲ್ಲಿ ಮುಂದಿನ ಜೀಪಿನ ಧೂಳೆಲ್ಲ ಸೆನ್ಸರ್ ಮೇಲೆ, ಅಲ್ಲಿ ಲೆನ್ಸ್ ಬದಲಿಸಬೇಡಿ. ಬೀನ್ ಬ್ಯಾಗ್ (ಲೆನ್ಸ್ ಊರಿ ಇಡೋ ಚೀಲ) ಖಾಲಿ ಒಯ್ದು ಅಲ್ಲೇ ಅಕ್ಕಿ ತುಂಬಿಸಿ.

ಸಾಲವನ
100-400 ಹಿಡಿದು ಕಾನ್ಹಾದ ಬಯಲಿಗೆ ಬನ್ನಿ, ಬಾರಸಿಂಗ ಇರುವೆ ಥರ ಬರುತ್ತೆ.

ನೆಲಮಟ್ಟ
ಅವರು ಕಾನ್ಹಾಕ್ಕೆ ಹೋಗ್ತೀನಿ ಅಂದ್ರಾ? ಅಕ್ಕಿ ಬೇಡ ಅಂದ್ರೆ ಅವರೆಕಾಳು ತುಂಬಿಸ್ಕೊಳ್ಳಿ, ಆದ್ರೆ ಫೋಟೋ ಅಲುಗಬಾರದು ಅಂದ್ರೆ ಮೊದಲು ಜೀಪಿನ ಇಂಜಿನ್ ಆಫ್ ಮಾಡಿಸಿ.